ಯಾರೂ ಬಂದಿಲ್ಲ ಎಂದ ಮನೆಗಳು

ಸರ್ವೆ ಕೆಲಸದ ತರಬೇತಿಯಲ್ಲಿ ಕೊಟ್ಟ ಪುಸ್ತಿಕೆಯ ಎರಡನೆಯ ಪುಟದಲ್ಲೇ ಆ ನಿಯಮವಿತ್ತು: ಪ್ರಶ್ನೆ ಕೇಳಲು ಹೋದವರು ತಮ್ಮ ಬಗ್ಗೆ ಏನನ್ನೂ ಹೇಳಕೂಡದು. ಹೆಸರು ಹೇಳಬೇಕು, ಗುರುತಿನ ಚೀಟಿ ತೋರಿಸಬೇಕು, ಪ್ರಶ್ನೆ ಮುಗಿದ ಮೇಲೆ ಧನ್ಯವಾದ ಹೇಳಿ ಎದ್ದು ಬರಬೇಕು. ನಿಮ್ಮ ಊರು ಮನೆ ಗೊತ್ತಾದರೆ ಎದುರಿಗಿದ್ದವರು ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾರೆ ಎಂಬುದು ಅದರ ಹಿಂದಿನ ತರ್ಕ. ಹುಬ್ಬಳ್ಳಿಯ ಒಂದು ಹೋಟೆಲಿನ ಹಾಲ್‌ನಲ್ಲಿ ಕುಳಿತಿದ್ದ ಉಳಿದವರೆಲ್ಲ ಸುಮ್ಮನೆ ಪುಟ ತಿರುವಿದರು. ನಾನು ಮಾತ್ರ ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದೆ.

ನನ್ನೂರು ಅಗಡಿ. ಗಂಡ ನನ್ನನ್ನು ಬಿಟ್ಟು ಇನ್ನೊಂದು ಸಂಸಾರ ಹೂಡಿದ ಮೇಲೆ ಸ್ವಲ್ಪ ದಿನ ತವರಿನಲ್ಲಿದ್ದೆ. ಅಲ್ಲಿ ನೀರಿಗೆ ಹೋದರೂ ಗಿರಣಿಗೆ ಹೋದರೂ ಅದೇ ಮಾತು. ಕೊನೆಗೆ ಹಾವೇರಿಗೆ ಬಂದು ಗುತ್ತಲ ರಸ್ತೆಯ ಕಡೆ ಒಂದು ಕೋಣೆ ಹಿಡಿದೆ. ಊರಿಂದ ಅರ್ಧ ತಾಸಿನ ಬಸ್ ದಾರಿ, ಅಷ್ಟೇ. ಆದರೆ ಹಾವೇರಿಯಲ್ಲಿ ನಾನು ಯಾರೂ ಅಲ್ಲ. ಹನ್ನೊಂದು ವರ್ಷದಿಂದ ಯಾರಾದರೂ ಕೇಳಿದರೆ "ಯಜಮಾನ್ರು ಊರಾಗ ಇರ್ತಾರ್ರಿ" ಎಂದು ಹೇಳಿ ಮಾತು ಬದಲಿಸುತ್ತ ಬಂದಿದ್ದೆ. ಇನ್ನು ಮೇಲೆ ಅದನ್ನೂ ಹೇಳಬೇಕಿಲ್ಲ, ಕೆಲಸ ಕೊಟ್ಟ ಸರ್ವೆ ಕಂಪನಿಯೇ ಬಾಯಿ ಮುಚ್ಚು ಎನ್ನುತ್ತದೆ ಎಂದರೆ ಬೇಡ ಅನ್ನುವವರು ಯಾರು?

ಕೆಲಸ ಚಹಾಪುಡಿಯದು. ಒಂದು ಚಹಾ ಕಂಪನಿ ನಮ್ಮ ಜಿಲ್ಲೆಯಲ್ಲಿ ಮೂರು ತಿಂಗಳು ಟಿವಿಯಲ್ಲಿ, ಬಸ್ಸುಗಳ ಬೆನ್ನ ಮೇಲೆ, ಕಿರಾಣಿ ಅಂಗಡಿಗಳ ಫಲಕಗಳ ಮೇಲೆ ತನ್ನ ಹೊಸ ಚಹಾಪುಡಿಯ ಜಾಹೀರಾತು ಹಾಕಿಸಿತ್ತು. ಅದು ಮನೆ ನಡೆಸುವ ಹೆಂಗಸರ ತಲೆಯಲ್ಲಿ ಎಷ್ಟು ಉಳಿದಿದೆ ಎಂದು ಅಳೆಯಬೇಕು. ನೆನಪನ್ನು ಅಳೆಯಲಿಕ್ಕೂ ಒಂದು ಕ್ರಮವಿದೆ. ಮೊದಲು, ಚಹಾಪುಡಿ ಎಂದ ಕೂಡಲೇ ಬಾಯಿಗೆ ಬರುವ ಹೆಸರು ಯಾವುದೆಂದು ಕೇಳಿ ಬರೆದುಕೊಳ್ಳುವುದು. ಆಮೇಲೆ, ಇನ್ನೂ ಯಾವುದಾದರೂ ಇದೆಯೇ ಎಂದು ಕೇಳಿ ಸುಮ್ಮನೆ ಕಾಯುವುದು. ಎದುರಿಗಿದ್ದವರು "ಇಲ್ರಿ, ಇಷ್ಟ" ಎಂದ ಮೇಲೆ ಹೆಸರುಗಳ ಚೀಟಿಗಳನ್ನು ಒಂದೊಂದಾಗಿ ತೋರಿಸಿ, ಇದನ್ನು ನೋಡಿದ್ದೀರಾ, ಎಲ್ಲಿ ನೋಡಿದ್ದೀರಿ ಎನ್ನುವುದು. ಆ ಚೀಟಿಗಳಲ್ಲಿ ಒಂದು ಸುಳ್ಳು ಹೆಸರು ಇರುತ್ತದೆ. ನಮ್ಮದರಲ್ಲಿ ಅದು "ತಾರಾಮಣಿ ಚಹಾ". ಅಂಥ ಚಹಾಪುಡಿ ಎಲ್ಲಿಯೂ ಇಲ್ಲ. ಕೇಳಿದ್ದಕ್ಕೆಲ್ಲ ಹೂಂ ಅನ್ನುವವರನ್ನು ಹಿಡಿಯಲಿಕ್ಕೆ ಅದನ್ನು ಇಟ್ಟಿರುತ್ತಾರೆ.

ಇನ್ನೊಂದು ನಿಯಮವೂ ಇತ್ತು. ಚಹಾದ ಬಗ್ಗೆ ಕೇಳಲು ಹೋದವರು ಆ ಮನೆಯಲ್ಲಿ ಚಹಾ ಕುಡಿಯಕೂಡದು.

ಮೊದಲ ಸುತ್ತಿಗೆ ಹಾವೇರಿ, ಗುತ್ತಲ, ರಾಣೇಬೆನ್ನೂರು ಸೇರಿ ನಲವತ್ತು ಮನೆ. ಗುಡಿಯೋ ಶಾಲೆಯೋ ಒಂದು ಗುರುತು ಹಿಡಿದು, ಎಡಗೈ ಬದಿಗೆ ನಡೆದು, ಪ್ರತಿ ಐದನೆಯ ಮನೆಯ ಬಾಗಿಲು ತಟ್ಟಬೇಕು. ಉತ್ತರ ತುಂಬಲು ಕೊಟ್ಟಿದ್ದ ಟ್ಯಾಬಿನ ಪರದೆ ಬಿಸಿಲಿಗೆ ಕಾಣುತ್ತಿರಲಿಲ್ಲ, ಸೆರಗು ಮರೆ ಮಾಡಿಕೊಂಡು ಒತ್ತುತ್ತಿದ್ದೆ. ಯಾವ ಚಹಾಪುಡಿ ಎಂದರೆ "ಕೆಂಪ ಪಾಕೀಟಂದು", "ಮೂಲಿ ಅಂಗಡ್ಯಾಗಿಂದು", "ನಮ್ಮತ್ತಿ ತರತಿದ್ದದ್ದು" ಎಂದು ಉತ್ತರ ಬರುತ್ತಿತ್ತು. ಇವಕ್ಕೆ ಟ್ಯಾಬಿನಲ್ಲಿ ಜಾಗವೇ ಇಲ್ಲ. "ಇತರೆ" ಎಂದು ಒತ್ತಿ ಮುಂದೆ ಹೋಗುತ್ತಿದ್ದೆ. ಅವರೂ ನನ್ನನ್ನು ಕೇಳುತ್ತಿದ್ದರು, ಯಾವೂರು, ಯಾರ ಪೈಕಿ ಎಂದು. "ಕಂಪನಿ ಕಡೆಯಿಂದ ಬಂದೇನ್ರಿ" ಎನ್ನುತ್ತಿದ್ದೆ. ಚಹಾ ಒಲ್ಲೆ ಎನ್ನುತ್ತಿದ್ದೆ. ಗುತ್ತಲದ ಒಬ್ಬ ಅಜ್ಜಿ ಒಳಗಿದ್ದ ಸೊಸೆಗೆ ಕೇಳುವಂತೆ, "ಚಾದ ಸುದ್ದಿ ಕೇಳಾಕ ಬಂದು ಚಾನ ಒಲ್ಲೆ ಅಂತಾಳ, ಎಂಥಾಕಿ ಇರಬೇಕ ಈಕಿ" ಅಂದಳು. ನನಗೆ ನಗು ಬಂತು, ನಗಲಿಲ್ಲ. ನಗುವ ನಿಯಮವೂ ಇರಲಿಲ್ಲ.

ನಲವತ್ತು ಮುಗಿಸಿ ಕಳಿಸಿದ ನಾಲ್ಕನೆಯ ದಿನ ನಮ್ಮ ಮೇಲ್ವಿಚಾರಕನ ಫೋನ್ ಬಂತು. ಹುಬ್ಬಳ್ಳಿಯ ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನು, ಮರ್ಯಾದೆಯವನು.

"ಅಕ್ಕಾರ, ಬೆಂಗಳೂರ ಆಫೀಸನವ್ರು ಎಂಟು ಮನಿಗೆ ಫೋನ್ ಹಚ್ಚ್ಯಾರ. ಆರು ಮನ್ಯಾಗ, ಯಾರೂ ಬಂದೇ ಇಲ್ಲ ಅಂದಾರ."

"ಬಂದಿಲ್ಲ ಅಂದ್ರ? ಒಂದೊಂದ ಮನ್ಯಾಗ ಅರ್ಧ ತಾಸ ಕುಂತೇನ್ರಿ ಸರ."

"ನನಗ ಗೊತ್ತೈತ್ರಿ. ಅವ್ರಿಗೆ ಹೆಂಗ ಹೇಳ್ಲಿ?"

"ಉಳಿದ ಎರಡು ಮನಿ?"

"ಒಬ್ರು ಫೋನ್ ಎತ್ತಿಲ್ಲ. ಇನ್ನೊಬ್ರು, ಯಾರೋ ಬಂದಿದ್ರು, ಗ್ಯಾಸಿನವ್ರು ಇರಬೇಕು ಅಂದಾರಂತ."

ಇದಕ್ಕೆ ಮರುತಪಾಸಣೆ ಅನ್ನುತ್ತಾರೆ. ನಾವು ಫೋನ್ ನಂಬರಿನ ಜೊತೆ ಕಳಿಸಿದ ಪಟ್ಟಿಯಿಂದ ಕೆಲವು ಮನೆಗಳನ್ನು ಆರಿಸಿ, ನಮ್ಮವರು ಬಂದಿದ್ದರೇ ಎಂದು ಕೇಳುತ್ತಾರೆ. ಹಿಂದಿನ ಸಲ ಬೇರೆ ಕಡೆ ಇಬ್ಬರು ಹುಣಸೆ ಮರದ ಕೆಳಗೆ ಕುಳಿತು ಇಡೀ ಓಣಿಯ ಉತ್ತರಗಳನ್ನು ತಾವೇ ತುಂಬಿದ್ದರಂತೆ. ನಕಾಶೆಯಲ್ಲಿ ಟ್ಯಾಬು ತೋರಿಸುವುದು ನಾವು ಇದ್ದ ಓಣಿಯನ್ನು, ಒಳಗೆ ಹೋದರೋ ಇಲ್ಲವೋ ಅನ್ನುವುದನ್ನಲ್ಲ. ದನಿ ಮುದ್ರಿಸುವುದೂ ಈ ಸಲ ಇರಲಿಲ್ಲ, ಜನ ಬಾಗಿಲು ಹಾಕಿಕೊಳ್ಳುತ್ತಾರೆಂದು ಬಿಟ್ಟಿದ್ದರು. ಆದ್ದರಿಂದ ನಾನು ಹೋಗಿದ್ದೆ ಅನ್ನುವುದಕ್ಕೆ ಸಾಕ್ಷಿ ಎಂದರೆ ಆ ಹೆಂಗಸರ ನೆನಪು ಒಂದೇ. ಅದು ಕೈಕೊಟ್ಟಿತ್ತು. ಸುಳ್ಳು ತುಂಬುವವಳು ಎಂದು ಒಮ್ಮೆ ಹೆಸರು ಬಿದ್ದರೆ ಈ ಕಂಪನಿ ಅಷ್ಟೇ ಅಲ್ಲ, ಯಾವ ಕಂಪನಿಯೂ ಕರೆಯುವುದಿಲ್ಲ. ನನಗೆ ಬರುವ ಕೆಲಸ ಇದೊಂದೇ.

ಮರುದಿನ ರಾಣೇಬೆನ್ನೂರಿಗೆ ಹೋದೆ, ಮೇಡ್ಲೇರಿ ರಸ್ತೆಯ ಹತ್ತಿರದ ಒಂದು ಮನೆಗೆ. ಆ ಆರರಲ್ಲಿ ಅದೂ ಒಂದು. ಐವತ್ತರ ಆಸುಪಾಸಿನ ಹೆಂಗಸು ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಿ ನೋಡಿದರು.

"ಯಾರ ಬೇಕಾಗಿತ್ರಿ?"

"ನಾನ್ರಿ. ಹೋದ ವಾರ ಬಂದಿದ್ನೆಲ್ಲ, ಚಾಪುಡಿದು ಕೇಳಾಕ."

"ನಮ್ಮನಿಗೇನ್ರಿ?"

"ಹೂನ್ರಿ. ಇದ ಕಟ್ಟಿ ಮ್ಯಾಲ ಕುಂತಿದ್ದೆ."

ಅವರು ನನ್ನ ಮುಖವನ್ನು ಪ್ರಾಮಾಣಿಕವಾಗಿಯೇ ನೋಡಿದರು. ಚೆನ್ನಾಗಿ ನೋಡಲಿ ಎಂದು ನಾನೂ ಬಿಸಿಲಿಗೆ ಮುಖ ಕೊಟ್ಟು ನಿಂತೆ. "ಇಲ್ಲವಾ," ಅಂದರು, "ಹೋದ ವಾರ ಬಂದಾಕಿ ಬಳಿಗಾರ್ತಿ ಒಬ್ಬಾಕೀನ. ಗುತ್ತಲದಾಕಿ. ಆಕಿ ಮಗಳು ಬಾಣಂತನಕ್ಕ ಬಂದಾಳ, ಎರಡನೇದೂ ಹೆಣ್ಣು. ಅದಕ್ಕೂ ಮೊದಲ ವೋಟಿನ ಪಟ್ಟಿ ಬರಕೊಳ್ಳಾಕ ಒಬ್ಬಾಕಿ ಟೀಚರ್ ಬಂದಿದ್ಲು, ನಮ್ಮ ತಂಗೀನ ಕೊಟ್ಟ ಊರಾಕಿ, ಕಾಲ ನೋಯ್ತಾವ ಅಂತಿದ್ಲು. ನಿಮ್ಮನ್ನ ನೋಡಿಲ್ಲವಾ ನಾ."

ನನಗೆ ಒಂದು ಯೋಚನೆ ಬಂತು. "ತಾರಾಮಣಿ ಚಾ ಗೊತ್ತೈತೇನ್ರಿ?" ಎಂದು ಕೇಳಿದೆ.

"ಗೊತ್ತಿಲ್ದ ಏನು. ಟಿವ್ಯಾಗ ತೋರಸ್ತಾರಲ್ಲ."

ಆ ಹೆಸರು ಇದ್ದದ್ದು ನನ್ನ ಕೈಯಲ್ಲಿದ್ದ ಚೀಟಿಯ ಮೇಲೆ ಮಾತ್ರ. ಅದನ್ನು ಈ ಹೆಂಗಸಿಗೆ ತೋರಿಸಿದವಳು ನಾನೇ. ಚೀಟಿ ಅವರ ತಲೆಯೊಳಗೆ ಹೋಗಿ, ಟಿವಿ ಪಕ್ಕ ಜಾಗ ಮಾಡಿಕೊಂಡು ಕುಳಿತಿತ್ತು. ಅದನ್ನು ಹಿಡಿದಿದ್ದ ಕೈ, ಆ ಕೈಯ ಹಿಂದಿನ ಮನುಷ್ಯಳು ಎಲ್ಲಿಯೂ ಇರಲಿಲ್ಲ. ಇಲ್ಲದ ಚಹಾಪುಡಿಗೆ ಇದ್ದಷ್ಟು ಜಾಗವೂ ನನಗೆ ಇರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಖರೆ ಜಾಹೀರಾತಿನ ಬಗ್ಗೆಯೂ ಕೇಳಿದೆ. ಬಿಳಿ ಅಡಿಗೆಮನೆಯಲ್ಲಿ ಒಬ್ಬ ಹುಡುಗಿ ಕಿಟಕಿ ಹತ್ತಿರ ನಿಂತು ಕಣ್ಣು ಮುಚ್ಚಿ ಚಹಾ ಕುಡಿಯುತ್ತಾಳೆ, ಅದು ಚಹಾ ಕಂಪನಿಯ ಜಾಹೀರಾತು. ನೋಡಿದ್ದಾರೆ, ಆದರೆ ಯಾವ ಚಹಾ ಎಂದು ನೆನಪಿಲ್ಲ. "ಆ ಹುಡುಗಿ ಒಬ್ಬಾಕೀನ ನಿಂತು ಕುಡೀತಾಳವಾ. ಯಾರ ಮನಿ ಸೊಸಿ, ಅತ್ತಿ ಎಲ್ಲಿ, ಗಂಡ ಎಲ್ಲಿ, ಒಂದೂ ತಿಳಿಯೂದಿಲ್ಲ. ಹೆಂಗ ನೆನಪಿಡೂದು?" ಅಂದರು. ನಾನು ಹೊರಟಾಗ ಪಾಪ, ಅವರಿಗೇ ಕೆಟ್ಟೆನಿಸಿರಬೇಕು. "ತಪ್ಪ ತಿಳಕೋಬ್ಯಾಡ್ರಿ. ಬಂದಿರಬೇಕು ನೀವು. ಚಾನರ ಕುಡಿದಿದ್ರ ನೆನಪ ಉಳೀತಿತ್ತು."

ಬಸ್ಸಿನಲ್ಲಿ ಬರುವಾಗ ನನಗೆ ಆ ಜಾಹೀರಾತಿನ ಹುಡುಗಿಯ ಮೇಲೆ ಕನಿಕರ ಬಂತು. ಅವಳಿಗೂ ಯಾರೋ ಏನೂ ಹೇಳಕೂಡದೆಂದು ತರಬೇತಿ ಕೊಟ್ಟಿದ್ದರು.

ಮೇಲ್ವಿಚಾರಕ ಬೆಂಗಳೂರಿನವರ ಕೈಕಾಲು ಹಿಡಿದು ಇನ್ನೊಂದು ಅವಕಾಶ ಕೊಡಿಸಿದ. ಬ್ಯಾಡಗಿ ಮತ್ತು ಮೋಟೆಬೆನ್ನೂರಿನಲ್ಲಿ ಹೊಸ ನಲವತ್ತು ಮನೆ. ಈ ಸಲ ಎಂಟಕ್ಕಲ್ಲ, ನಲವತ್ತಕ್ಕೂ ಫೋನ್ ಮಾಡುತ್ತಾರೆ. ಫೋನ್ ಬರುತ್ತದೆ, ನಾನು ಬಂದಿದ್ದೆ ಎಂದು ಹೇಳಿ ಎಂದು ಆ ಮನೆಯವರಿಗೆ ಹೇಳಿಕೊಡುವಂತಿಲ್ಲ. ಹೇಳಿಕೊಟ್ಟದ್ದು ಗೊತ್ತಾದರೆ ಅಲ್ಲಿಗೆ ಮುಗಿಯಿತು. "ನೀವರ ಏನ್ ಮಾಡ್ತೀರಿ ಅಕ್ಕಾರ, ನೆನಪಿಡೂದು ಬಿಡೂದು ಅವರ ಕೈಯಾಗೈತಿ" ಅಂದ.

ಎರಡು ದಿನ ಕೋಣೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ನಮ್ಮ ಕಡೆಯ ಹೆಂಗಸರು ಮನುಷ್ಯರನ್ನು ಹೆಸರು ಹಿಡಿದು ಇಟ್ಟುಕೊಳ್ಳುವುದಿಲ್ಲ, ಮುಖ ಹಿಡಿದೂ ಅಲ್ಲ. ಯಾವ ಊರು, ಯಾರ ಮಗಳು, ಏನು ಕಷ್ಟ, ಈ ಮೂರು ಗೂಟಕ್ಕೆ ಕಟ್ಟಿದರೆ ನೆನಪು ನಿಲ್ಲುತ್ತದೆ, ಇಲ್ಲದಿದ್ದರೆ ಹಗ್ಗ ಬಿಚ್ಚಿದ ದನದ ಹಾಗೆ ಹೋಗುತ್ತದೆ. ನಾನೂ ಅಲ್ಲಿಯೇ ಹುಟ್ಟಿದವಳು, ನನಗಿದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಆ ಗೂಟಗಳನ್ನು ಕಿತ್ತು ಹಾವೇರಿಗೆ ಬಂದಿದ್ದೆ. ಸುಳ್ಳು ಹೇಳೋಣವೆಂದೂ ಯೋಚಿಸಿದೆ. ಗಂಡ ಮಿಲಿಟರಿಯಲ್ಲಿದ್ದಾನೆ ಎನ್ನಬಹುದಿತ್ತು. ಆದರೆ ಬ್ಯಾಡಗಿ ದೂರದ ಊರಲ್ಲ, ಅಗಡಿಗೆ ಕೊಟ್ಟುತಂದ ಮನೆಗಳು ಅಲ್ಲಿಯೂ ಇದ್ದಾವು. ಒಂದು ಮನೆಯಲ್ಲಿ ಸುಳ್ಳು ಸಿಕ್ಕಿಬಿದ್ದರೆ ನಲವತ್ತೂ ಹೋಗುತ್ತವೆ. ಕೆಲಸ ಉಳಿಯಬೇಕೆಂದರೆ ಖರೆ ಹೇಳಬೇಕು. ಕೊನೆಗೆ ಹೀಗೆ ನಿರ್ಧರಿಸಿದೆ: ಪ್ರಶ್ನೆಗಳೆಲ್ಲ ಪುಸ್ತಿಕೆಯಲ್ಲಿದ್ದ ಹಾಗೆಯೇ ಕೇಳುವುದು, ಒಂದಕ್ಷರ ಆಚೀಚೆ ಮಾಡದೆ. ಉತ್ತರ ಕಳಿಸಿ ಟ್ಯಾಬು ಚೀಲಕ್ಕೆ ಹಾಕಿದ ಮೇಲೆ ಏಳದೆ ಕೂರುವುದು. ಚಹಾ ಕೊಟ್ಟರೆ ಕುಡಿಯುವುದು. ಕೇಳಿದ್ದಕ್ಕೆ ಇದ್ದದ್ದನ್ನು ಹೇಳುವುದು.

ಬ್ಯಾಡಗಿಯ ಮೊದಲ ಮನೆ ನನ್ನ ವಯಸ್ಸಿನ ಹೆಂಗಸಿನದು. ಅಂಗಳದಲ್ಲಿ ಚೀಲ ಹಾಸಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಪ್ರಶ್ನೆ ಮುಗಿಯುವಷ್ಟರಲ್ಲಿ ನಾನು ಆರೇಳು ಸಲ ಸೀನಿದ್ದೆ. ಟ್ಯಾಬು ಮುಚ್ಚಿದೆ.

"ಚಾ ಮಾಡ್ಲೇನ್ರಿ? ಕಂಪನಿಯವ್ರು ಒಲ್ಲೆ ಅಂತೀರಿ."

"ಮಾಡ್ರಿ. ಸಕ್ರಿ ಕಡಿಮಿ ಇರಲಿ."

ಚಹಾ ಬಂತು. ಅವಳು ಮತ್ತೆ ಮೆಣಸಿನಕಾಯಿಗೆ ಕೈ ಹಾಕಿ, "ಯಾವೂರ್ರಿ?" ಅಂದಳು. ಅಗಡಿ ಅಂದೆ. ಯಾರ ಪೈಕಿ ಎಂದಳು, ಹಿಟ್ಟಿನ ಗಿರಣಿಯವರ ಮಗಳು ಅಂದೆ. ಮೂರನೆಯದು ಬರುತ್ತದೆಂದು ಗೊತ್ತಿತ್ತು. ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟೆ.

"ಯಜಮಾನ್ರು ಏನ್ ಮಾಡ್ತಾರ?"

"ನನ್ನ ಬಿಟ್ಟ ಹೋಗ್ಯಾರ್ರಿ. ಬ್ಯಾರೆ ಸಂಸಾರ ಮಾಡ್ಯಾರ."

ಬಾಯಿಬಿಟ್ಟು ಆ ಮಾತು ಹೇಳಿದ್ದು ಅದೇ ಮೊದಲು. ಊರಿನಲ್ಲಿ ನಾನು ಹೇಳುವ ಅಗತ್ಯವೇ ಬಿದ್ದಿರಲಿಲ್ಲ, ಎಲ್ಲರಿಗೂ ನನಗಿಂತ ಮೊದಲೇ ಗೊತ್ತಿತ್ತು. ಅವಳ ಕೈ ನಿಂತಿತು.

"ಮಕ್ಕಳು?"

"ಇಲ್ಲ."

"ಹಂಗಾರ ಒಬ್ಬಾಕೀನ ಮಾಡ್ಕೊಂಡ ಉಣ್ತಿ ಏನ ತಂಗಿ?" ಅಷ್ಟು ಹೊತ್ತು ರಿ ಹಚ್ಚಿ ಮಾತಾಡಿಸಿದವಳು ಈಗ ತಂಗಿ ಎಂದಳು. ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದಿದ್ದ ಅರ್ಧ ಕಪ್ ಚಹಾ ತಂದು ನನ್ನ ಬಸಿಗೆ ಸುರಿದಳು. ನನಗೆ ಅಳು ಬಂತು. ಮೆಣಸಿನ ಘಾಟು ಅಂದುಕೊಳ್ಳಲಿ ಎಂದು ಇನ್ನೊಂದು ಸಲ ಸೀನಿದ ಹಾಗೆ ಮಾಡಿದೆ.

ಎಲ್ಲ ಮನೆಯೂ ಹಾಗಿರಲಿಲ್ಲ. ಮೋಟೆಬೆನ್ನೂರಿನ ಒಬ್ಬ ಅತ್ತೆ, "ನೀನೂ ಏನರ ಮಾಡಿರಬೇಕು. ಸುಮ್ಮಸುಮ್ಮನ ಯಾವ ಗಂಡಸು ಬಿಡ್ತಾನ?" ಅಂದಳು. ಸಿಟ್ಟು ನೆತ್ತಿಗೇರಿತು. ಆದರೂ ಆ ಮನೆಯ ಚಹಾವನ್ನೂ ಪೂರ್ತಿ ಕುಡಿದೇ ಎದ್ದೆ. ನನ್ನನ್ನು ಬೈದವಳು ಮರೆಯುವುದಿಲ್ಲ ಎಂದು ಒಳಗೆ ಒಂದು ಲೆಕ್ಕ ನಡೆಯುತ್ತಿತ್ತು. ದಿನಕ್ಕೆ ಹತ್ತು ಮನೆ, ಹತ್ತು ಚಹಾ. ರಾತ್ರಿ ನಿದ್ದೆಯಿಲ್ಲ, ಹೊಟ್ಟೆಯಲ್ಲಿ ಹುಳಿ.

ಮೂರನೆಯ ದಿನಕ್ಕೆ ಇನ್ನೊಂದು ಆಯಿತು, ಅದನ್ನು ಹೇಳಲಿಕ್ಕೆ ನಾಚಿಕೆ. ಆ ಮಾತು ನನಗೆ ಬಾಯಿಪಾಠವಾಗಿತ್ತು. "ನನ್ನ ಬಿಟ್ಟ ಹೋಗ್ಯಾರ್ರಿ" ಎಂದು ಎಲ್ಲಿ ನಿಲ್ಲಿಸಿದರೆ ಎದುರಿನವರ ಕೈ ನಿಲ್ಲುತ್ತದೆ, ಎಷ್ಟು ಹೊತ್ತು ಬಸಿ ನೋಡುತ್ತ ಕುಳಿತರೆ ಮುಂದಿನ ಪ್ರಶ್ನೆ ಬರುತ್ತದೆ, ಎಲ್ಲ ಗೊತ್ತಾಗಿಹೋಗಿತ್ತು. ಒಂದು ಮನೆಯಲ್ಲಿ ಯಾರೂ ಗಂಡನ ವಿಷಯ ಕೇಳಲಿಲ್ಲ. ನಾನೇ ಮಾತು ತಿರುಗಿಸಿ ಅಲ್ಲಿಗೆ ತಂದೆ. ಮೂರು ತಿಂಗಳು ಟಿವಿಯಲ್ಲಿ ಒಂದೇ ಚಿತ್ರ ತೋರಿಸಿದ ಕಂಪನಿಗೂ ನನಗೂ ಆಗ ಏನೂ ವ್ಯತ್ಯಾಸವಿರಲಿಲ್ಲ. ಅವರ ಹತ್ತಿರ ಚಹಾಪುಡಿ ಇತ್ತು, ನನ್ನ ಹತ್ತಿರ ಇದಿತ್ತು.

ಒಂದು ವಾರದ ಮೇಲೆ ಮೇಲ್ವಿಚಾರಕ ಫೋನ್ ಮಾಡಿ, "ಅಕ್ಕಾರ, ಪಾಸಾತು" ಅಂದ. ನಲವತ್ತರಲ್ಲಿ ಮೂವತ್ತಾರು ಮನೆಯವರು ಹೌದು ಬಂದಿದ್ದರು ಎಂದಿದ್ದಾರೆ, ಬೆಂಗಳೂರಿನವರಿಗೇ ಆಶ್ಚರ್ಯವಂತೆ. ತಪಾಸಣೆಯ ಪಟ್ಟಿ ಕಳಿಸ್ರಿ ಅಂದೆ. ಅವನು, "ಅದೇನ್ ನೋಡ್ತೀರಿ ಬಿಡ್ರಿ" ಅಂದ. ನಾನು ಬಿಡಲಿಲ್ಲ.

ಪಟ್ಟಿಯಲ್ಲಿ ಒಂದು ಕಾಲಂ ಇತ್ತು: ಬಂದವರ ಬಗ್ಗೆ ಏನು ನೆನಪಿದೆ? ಬೆಂಗಳೂರಿನ ಯಾವಳೋ ಹುಡುಗಿ ಫೋನಿನಲ್ಲಿ ಕೇಳಿದ್ದನ್ನು ತನ್ನ ಕನ್ನಡದಲ್ಲಿ ಟೈಪ್ ಮಾಡಿದ್ದಳು. "ಗಂಡ ಬಿಟ್ಟವರು." "ಗಂಡ ಬಿಟ್ಟವರು, ಅಗಡಿ." "ಗಂಡ ಬಿಟ್ಟವರು, ಮಕ್ಕಳಿಲ್ಲ." ಕೆಳಕೆಳಗೆ ಬರುತ್ತ ಅವಳಿಗೂ ಬೇಸರವಾಗಿರಬೇಕು, "ಮೇಲಿನಂತೆ" ಎಂದು ಹಾಕಿದ್ದಳು. ಮೇಲಿನಂತೆ, ಮೇಲಿನಂತೆ, ಮೇಲಿನಂತೆ. ನಾನು ಪ್ರತಿ ಮನೆಯಲ್ಲೂ ಮೊದಲು ಹೇಳಿದ್ದು ನನ್ನ ಹೆಸರು. ಅದು ಒಂದು ಸಾಲಿನಲ್ಲೂ ಇರಲಿಲ್ಲ. ನನ್ನ ಕೆಲಸ ಉಳಿಯಿತು. ಯಾವುದರಿಂದ ಓಡಿ ಹಾವೇರಿಗೆ ಬಂದಿದ್ದೆನೋ ಅದೇ ಉಳಿಸಿತು. ಆ ದಿನ ಅಡಿಗೆ ಮಾಡಲಿಲ್ಲ.

ಮೇಲ್ವಿಚಾರಕ ಹೇಳಿದ್ದಕ್ಕೆ ಚಹಾ ಕಂಪನಿಗೆ ಒಂದು ಟಿಪ್ಪಣಿಯನ್ನೂ ಬರೆದು ಕೊಟ್ಟೆ: ಇಲ್ಲಿಯ ಹೆಂಗಸರಿಗೆ ನಿಮ್ಮ ಚಹಾಪುಡಿಯ ಹೆಸರಿಗಿಂತ ಅದು ಯಾರ ಮನೆಯದು ಅನ್ನುವುದು ಬೇಕು, ನಿಮ್ಮ ಹುಡುಗಿಗೆ ಒಬ್ಬ ಅತ್ತೆಯನ್ನು ಕೊಡಿ ಎಂದು. ಕೊಟ್ಟರಂತೆ. ಮುಂದಿನ ಜಾಹೀರಾತಿನಲ್ಲಿ ಅತ್ತೆ ಇದ್ದಳು, ಪಕ್ಕದ ಮನೆಯವಳೂ ಇದ್ದಳು.

ಇದಾಗಿ ಎರಡು ತಿಂಗಳಿರಬೇಕು. ಬ್ಯಾಡಗಿಯಲ್ಲಿ ಬೇರೊಂದು ಕೆಲಸ ಮುಗಿಸಿ ಹಾವೇರಿ ಬಸ್ ಹತ್ತಿದೆ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಬಸ್ಸು ತುಂಬ ನಾವೇ. ಕಂಬಿ ಹಿಡಿದು ನಿಂತಿದ್ದಾಗ ನಡುವಿನ ಸೀಟಿನಿಂದ ಒಂದು ದನಿ ಕೇಳಿತು.

"ಏ ಅಗಡಿಯಾಕಿ, ಇಲ್ಲಿ ಬಾ. ಕುಂದ್ರ ಬಾ ಇಲ್ಲಿ."

ತಿರುಗಿ ನೋಡಿದೆ. ಹಸಿರು ಸೀರೆಯ ಒಬ್ಬ ಹೆಂಗಸು ಸರಿದು, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ನನಗೆ ಜಾಗ ಮಾಡಿದ್ದಳು. ಕುಳಿತೆ. "ಹೊಟ್ಟಿ ಉರಿ ಕಡಿಮಿ ಆತೇನ? ಅವತ್ತ ಚಾ ಕುಡಿದ ಮ್ಯಾಲ ಎದಿ ಹಿಡಕೊಂಡಿದ್ದಿ" ಅಂದಳು. ಆಮೇಲೆ ದನಿ ಇಳಿಸಿ, "ಅವ ಮತ್ತ ಏನರ ಬಂದಿದ್ನೇನ?" ಎಂದು ಕೇಳಿದಳು. ಇಲ್ಲ ಅಂದೆ. ನಾಲಿಗೆ ಲೊಚಗುಟ್ಟಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. ಹನ್ನೊಂದು ವರ್ಷದಲ್ಲಿ ಯಾರೂ ನನಗಾಗಿ ಸೀಟು ಹಿಡಿದಿರಲಿಲ್ಲ. ಎಷ್ಟೋ ದಿನದ ಮೇಲೆ ನನಗೆ ಹಿತವೆನಿಸಿತು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅದು ಅವಳಿಗೆ ತಿಳಿಯಿತೆಂದು ಕಾಣುತ್ತದೆ.

"ನಾ ಯಾರು ಹೇಳ ನೋಡೂಣು," ಅಂದಳು, ನಗುತ್ತ.

ಹುಡುಕಿದೆ. ಅವಳ ಮನೆ ಯಾವ ಓಣಿ, ಬಾಗಿಲು ಯಾವ ಕಡೆ, ನಾನು ಎಲ್ಲಿ ಕುಳಿತಿದ್ದೆ, ಅವಳು ಏನು ಮಾಡುತ್ತಿದ್ದಳು. ಏನೂ ಸಿಗಲಿಲ್ಲ. ನಲವತ್ತು ಮನೆಯಲ್ಲಿ ನನ್ನ ಮಾತನ್ನು ಎಲ್ಲಿ ನಿಲ್ಲಿಸಬೇಕೆಂದು ಲೆಕ್ಕ ಹಾಕುತ್ತ ಕುಳಿತವಳಿಗೆ ಎದುರಿಗೆ ಯಾರಿದ್ದರು ಎಂದು ನೋಡಲಿಕ್ಕೆ ಪುರಸತ್ತು ಎಲ್ಲಿತ್ತು? ಒಂದು ಊರು, ಒಂದು ಹೆಸರು ಊಹಿಸಿ ಹೇಳಬಹುದಿತ್ತು.

"ಖರೇನ ಹೇಳ್ತೇನ್ರಿ, ನೆನಪಿಲ್ಲ," ಅಂದೆ.

ಅವಳ ನಗು ತಕ್ಷಣ ಹೋಗಲಿಲ್ಲ, ನಿಧಾನವಾಗಿ ಹೋಯಿತು. "ಇರ್ಲಿ ಬಿಡವಾ. ನೀ ಭಾಳ ಮನಿಗೆ ಹೋಗಾಕಿ," ಅಂದಳು. ಮೊಣಕಾಲಿನ ಮೇಲಿದ್ದ ಕೈಯನ್ನು ತೆಗೆದು ಚೀಲದ ಹಿಡಿಕೆ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದಳು. ಹಾವೇರಿ ಬರುವವರೆಗೆ ನಾವಿಬ್ಬರೂ ಅದೇ ಸೀಟಿನಲ್ಲಿ, ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದೆವು.